ಬಸ್ಸಲ್ಲಿ ತಲೆ ಎಣಿಸುತ್ತಿದ್ದೆವು, ಶಾಲೆ ಗೇಟಲ್ಲಿ ಎಣಿಸುವವರು ಯಾರು?

ಮಾನ್ಯ ಸಂಪಾದಕರೇ,

ಪತ್ರ ಸ್ವಲ್ಪ ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಜಾಗ ಇಲ್ಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ಬೇಜಾರಿಲ್ಲ.

ನನ್ನ ಮೊಮ್ಮಗಳು ಎರಡನೇ ಕ್ಲಾಸು. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಎಂಟಕ್ಕೆಲ್ಲ ಕೆಲಸಕ್ಕೆ ಹೊರಟುಬಿಡುತ್ತಾರೆ. ಅದಕ್ಕೇ ಮಗುವನ್ನು ಶಾಲೆಗೆ ಬಿಡುವುದು, ಕರೆದುಕೊಂಡು ಬರುವುದು ಎರಡೂ ನನ್ನ ಡ್ಯೂಟಿ. ಮನೆಯಿಂದ ಶಾಲೆಗೆ ನನ್ನ ನಡಿಗೆಯಲ್ಲಿ ಹದಿನೈದು ನಿಮಿಷ. ಅವಳ ಜೊತೆ ಆದರೆ ಅರ್ಧ ಗಂಟೆ, ಯಾಕೆಂದರೆ ದಾರಿಯಲ್ಲಿ ಸಿಗುವ ಪ್ರತಿ ನಾಯಿಗೂ ಅವಳು ಒಂದೊಂದು ಹೆಸರಿಟ್ಟಿದ್ದಾಳೆ, ಎಲ್ಲರನ್ನೂ ಮಾತಾಡಿಸಿಕೊಂಡೇ ಬರಬೇಕು.

ಕಳೆದ ಮಳೆಗಾಲದ ಒಂದು ಗುರುವಾರ. ಶಾಲೆ ಬಿಡುವುದು ಮೂರೂವರೆಗೆ. ಮೂರು ಗಂಟೆಗೇ ಆಕಾಶ ಕಪ್ಪಾಗಿತ್ತು. ನಾನು ಎರಡು ಕೊಡೆ ಹಿಡಿದುಕೊಂಡು ಮೂರು ಇಪ್ಪತ್ತೈದಕ್ಕೆ ಗೇಟಿನ ಹತ್ತಿರ ಹೋದರೆ ರಸ್ತೆ ಖಾಲಿ. ವ್ಯಾನಿಲ್ಲ, ಆಟೋ ಇಲ್ಲ, ಐಸ್‌ಕ್ರೀಮ್ ಗಾಡಿಯೂ ಇಲ್ಲ. ವಾಚ್‌ಮನ್ ಸ್ಟೂಲ್ ಮೇಲೆ ಕೂತಿದ್ದ. "ಮಳೆ ಬರ್ತದೆ ಅಂತ ಬೇಗ ಬಿಟ್ಬಿಟ್ರು ಸಾರ್, ಎಲ್ಲಾ ಮಕ್ಳೂ ಹೋದ್ರಲ್ಲ" ಅಂದ. ಹೋದವು ಅಂದರೆ ಎಲ್ಲಿಗೆ? ಯಾರ ಜೊತೆ? ನಾನು ಇಲ್ಲೇ ಇದ್ದೀನಲ್ಲಪ್ಪ!

ಒಳಗೆ ಓಡಿದೆ. ಕ್ಲಾಸ್ ಟೀಚರ್ ಹೊರಟುಹೋಗಿದ್ದರು, ಫೋನ್ ಸ್ವಿಚ್ ಆಫ್. ಆಫೀಸಿನಲ್ಲಿದ್ದ ಹುಡುಗಿ ಪಾಪ ಗಾಬರಿಯಾಗಿ ಎಲ್ಲಾ ರೂಮು, ಎಲ್ಲಾ ಟಾಯ್ಲೆಟ್ ನೋಡಿಕೊಂಡು ಬಂದಳು. ಗೇಟಿನ ಮೇಲೆ ಒಂದು ಕ್ಯಾಮೆರಾ ಇದೆ, ಅದನ್ನಾದರೂ ನೋಡೋಣ ಅಂದರೆ ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿರುವವರು ಒಬ್ಬರೇ, ಅವರು ಅವತ್ತು ರಜಾ. ಅಷ್ಟರಲ್ಲಿ ಮಳೆ ಶುರುವಾಯಿತು. ಬೆಂಗಳೂರಿನ ಮಳೆ ಗೊತ್ತಲ್ಲ, ಹತ್ತು ನಿಮಿಷಕ್ಕೆ ರಸ್ತೆ ಹೊಳೆಯಾಗುತ್ತದೆ, ಮ್ಯಾನ್‌ಹೋಲ್ ಎಲ್ಲಿದೆ, ಮೋರಿ ಎಲ್ಲಿದೆ ಒಂದೂ ಕಾಣುವುದಿಲ್ಲ. ಕೊಡೆ ಎರಡೂ ಕೈಯಲ್ಲೇ ಇದ್ದವು, ಬಿಚ್ಚಬೇಕು ಅಂತಲೂ ಹೊಳೆಯಲಿಲ್ಲ. ಅಕ್ಕಪಕ್ಕದ ಮೂರು ರಸ್ತೆ ಓಡಾಡಿದೆ. ಮಧ್ಯದಲ್ಲಿ ಮಗಳ ಫೋನು. "ಅಪ್ಪಾ, ಮಳೆ ಜೋರಾಗಿದೆಯಂತೆ, ಪಾಪು ಬಂದ್ಲಾ?" "ಬಂದ್ಲಮ್ಮ, ಹಾಲು ಕುಡೀತಿದಾಳೆ" ಅಂದುಬಿಟ್ಟೆ. ಯಾಕೆ ಹಾಗಂದೆ ಅಂತ ಇವತ್ತಿಗೂ ನನಗೆ ತಿಳಿಯದು.

ಐವತ್ತೈದು ನಿಮಿಷ ಆದ ಮೇಲೆ ಒಂದು ಮಾರುತಿ ವ್ಯಾನ್ ಬಂದು ಗೇಟಿನ ಮುಂದೆ ನಿಂತಿತು. ಮುಂದಿನ ಸೀಟಲ್ಲಿ ನಮ್ಮ ಹುಡುಗಿ, ಕೈಯಲ್ಲಿ ಅರ್ಧ ತಿಂದ ಬನ್ನು. ಆಗಿದ್ದು ಇಷ್ಟೇ. ಮಳೆ ಬರುತ್ತದೆ ಅಂತ ಎಲ್ಲರನ್ನೂ "ಹತ್ತಿ ಹತ್ತಿ, ಒದ್ದೆ ಆಗ್ತೀರ" ಅಂತ ವ್ಯಾನುಗಳಿಗೆ ತುಂಬಿದ್ದಾರೆ, ಇವಳ ಗೆಳತಿ ಕೈ ಎಳೆದಿದ್ದಾಳೆ, ಇವಳೂ ಹತ್ತಿದ್ದಾಳೆ. ವ್ಯಾನು ಹೊಸಕೆರೆಹಳ್ಳಿ, ಕತ್ರಿಗುಪ್ಪೆ ಎಲ್ಲಾ ಸುತ್ತಿ ಇಟ್ಟಮಡುವಿನವರೆಗೆ ಹೋಗಿದೆ. ಅವತ್ತಿನ ಡ್ರೈವರ್ ಬದಲಿ ಡ್ರೈವರ್. ರೆಗ್ಯುಲರ್ ಆಸಾಮಿಗೆ ಜ್ವರ. ಈ ಬದಲಿಯವನಿಗೆ ಮಕ್ಕಳ ಮುಖ ಗೊತ್ತಿಲ್ಲ, ಅದಕ್ಕೇ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದ. ಮನೆ ಬಂದ ಹಾಗೆಲ್ಲ ಒಂದೊಂದು ಹೆಸರು ಹೊಡೆದುಹಾಕುತ್ತಾ ಹೋಗಿದ್ದಾನೆ. ಚೀಟಿಯಲ್ಲಿ ಹನ್ನೊಂದು ಹೆಸರು. ಹನ್ನೊಂದೂ ಮುಗಿದ ಮೇಲೆ ಹಿಂದಿನ ಸೀಟಲ್ಲಿ ಒಂದು ಮಗು ಉಳಿದಿದೆ!

ಅವಳ ಐಡಿ ಕಾರ್ಡ್ ನೋಡಿ ಫೋನ್ ಮಾಡೋಣ ಅಂದುಕೊಂಡನಂತೆ. ಅದರ ಮೇಲಿದ್ದದ್ದು ಶಾಲೆಯ ಲ್ಯಾಂಡ್‌ಲೈನ್ ನಂಬರು. ಬಾರಿಸಿದ್ದಾನೆ, ಆಫೀಸಿನ ಹುಡುಗಿ ನನ್ನ ಜೊತೆ ಟಾಯ್ಲೆಟ್ ಹುಡುಕುತ್ತಿದ್ದಳಲ್ಲ, ಎತ್ತುವವರು ಯಾರು? "ನಿಮ್ಮಪ್ಪನ ಹೆಸರೇನಮ್ಮ" ಅಂದರೆ "ಪಪ್ಪ", "ಮನೆ ಎಲ್ಲಿ" ಅಂದರೆ "ತಾತ ಬರ್ತಾರೆ". ಕೊನೆಗೆ ಬೇಕರಿಯಲ್ಲಿ ಒಂದು ಬನ್ನು ಕೊಡಿಸಿ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ವಾಪಸ್ ಶಾಲೆಗೇ ಕರೆದುಕೊಂಡು ಬಂದಿದ್ದಾನೆ. "ಯಜಮಾನ್ರೆ, ಒಂದು ಮಗು ಜಾಸ್ತಿ ಬಂತು" ಅಂದ. ನಾನು ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವನಿಗೇ ಮುಜುಗರ ಆಯಿತು.

ಮಾರನೇ ದಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶಾಲೆಯ ಸಂದೇಶ ಬಂತು. ಮಕ್ಕಳ ಸುರಕ್ಷತೆಗೆ ಇನ್ನೂ ಎಂಟು ಕ್ಯಾಮೆರಾ ಹಾಕಿಸುತ್ತಿದ್ದೇವೆ ಅಂತ. ಕೆಳಗೆ ಅರವತ್ತು ಜನ ಕೈ ಮುಗಿಯುವ ಚಿತ್ರ ಹಾಕಿದ್ದರು.

ಸಂಪಾದಕರೇ, ಈ ಪತ್ರ ಬರೆಯಲು ಕೂತಿದ್ದು ಆ ಸಂದೇಶ ನೋಡಿಯೇ. ನನ್ನ ಮೊಮ್ಮಗಳನ್ನು ವಾಪಸ್ ತಂದುಕೊಟ್ಟದ್ದು ಕ್ಯಾಮೆರಾ ಅಲ್ಲ, ಒಂದು ಚೀಟಿ ಮತ್ತು ಒಂದು ಪೆನ್ನು.

ನಾನು 31 ವರ್ಷ ಸಿಟಿ ಬಸ್ ಕಂಡಕ್ಟರ್ ಆಗಿದ್ದವನು. ಸೇರಿದಾಗ ಎಲ್ಲರೂ ಬಿಟಿಎಸ್ ಅನ್ನುತ್ತಿದ್ದರು, 1997ರಲ್ಲಿ ಬಿಎಂಟಿಸಿ ಆಯಿತು. ನಮ್ಮ ಕೆಲಸದ ಒಂದು ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಬಸ್ಸು ಪ್ರತಿ ಸ್ಟೇಜ್, ಅಂದರೆ ಟಿಕೆಟ್ ದರ ಬದಲಾಗುವ ಸ್ಟಾಪು, ದಾಟುವಾಗಲೂ ಕೈಯಲ್ಲಿರುವ ಟಿಕೆಟ್ ನಂಬರನ್ನು ವೇಬಿಲ್ ಅನ್ನುವ ಲೆಕ್ಕದ ಹಾಳೆಯಲ್ಲಿ ಬರೆಯಬೇಕು. ಮೆಷಿನ್ ಬರುವ ಮುಂಚೆ ಎಲ್ಲಾ ಪೆನ್ನಲ್ಲೇ, ನಿಂತುಕೊಂಡೇ, ನೂರು ಜನರ ಮಧ್ಯೆ. ಇದಕ್ಕೆ ಸ್ಟೇಜ್ ಕ್ಲೋಸ್ ಮಾಡುವುದು ಅನ್ನುತ್ತೇವೆ. ಯಾವ ಸ್ಟಾಪಲ್ಲಿ ಬೇಕಾದರೂ ಚೆಕಿಂಗ್‌ನವರು ಹತ್ತಬಹುದು. ತಲೆ ಎಣಿಸುತ್ತಾರೆ, ಟಿಕೆಟ್ ಎಣಿಸುತ್ತಾರೆ, ಒಂದು ತಲೆ ಜಾಸ್ತಿ ಬಂತೋ, ಮೆಮೊ ಕೈಗೆ. ನಮ್ಮ ಕಾಲದ ಮೂರು ನಾಲ್ಕು ರೂಪಾಯಿ ಟಿಕೆಟ್‌ಗೆ ಇಷ್ಟು ಲೆಕ್ಕ. ಅದು ಕಾರ್ಪೊರೇಷನ್ ದುಡ್ಡು, ಸರಿ. ಶಾಲೆಯಲ್ಲಿ ಒಂದು ಮಗು ಎಷ್ಟು ಸ್ಟೇಜ್ ದಾಟುತ್ತದೆ, ಎಲ್ಲಿ ಯಾರು ಕ್ಲೋಸ್ ಮಾಡುತ್ತಾರೆ ಅಂತ ಯಾವ ಪೋಷಕರಾದರೂ ಕೇಳಿದ್ದೇವಾ? ಮನೆಯಿಂದ ವ್ಯಾನಿಗೆ, ವ್ಯಾನಿಂದ ಗೇಟಿಗೆ, ಗೇಟಿಂದ ಕ್ಲಾಸಿಗೆ, ಕ್ಲಾಸಿಂದ ಟಾಯ್ಲೆಟ್‌ಗೆ, ಊಟಕ್ಕೆ, ಆಟಕ್ಕೆ, ಮತ್ತೆ ಗೇಟಿಗೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಬೆಳಿಗ್ಗೆ ಹಾಜರಿ ಕರೆಯುತ್ತಾರಲ್ಲ, ಅದೊಂದೇ ಲೆಕ್ಕ. ಆಮೇಲೆ ಸಂಜೆವರೆಗೆ ಎಲ್ಲರೂ "ಇನ್ನೊಬ್ಬರು ನೋಡಿಕೊಳ್ಳುತ್ತಾರೆ" ಅಂದುಕೊಂಡಿರುತ್ತಾರೆ. ಮಗು ಕಾಣೆಯಾಗುವುದು ಈ ಎರಡು ಕೈಗಳ ನಡುವೆ.

ಕ್ಯಾಮೆರಾ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. 2014ರ ಜುಲೈನಲ್ಲಿ ನಮ್ಮದೇ ಊರಿನ ಒಂದು ಶಾಲೆಯಲ್ಲಿ ಆರು ವರ್ಷದ ಮಗುವಿನ ಮೇಲೆ ಶಾಲೆಯೊಳಗೇ ದೌರ್ಜನ್ಯ ಆದಾಗ ಸಾವಿರಾರು ತಂದೆ ತಾಯಂದಿರು ಬೀದಿಗೆ ಬಂದಿದ್ದು ನೆನಪಿರಬಹುದು. ಅದಾದ ಮೇಲೇ ಪೊಲೀಸರು ಶಾಲೆಗಳಿಗೆ ಕ್ಯಾಮೆರಾ ಹಾಕಿ, ಕೆಲಸಕ್ಕೆ ಸೇರಿಸಿಕೊಳ್ಳುವವರ ಹಿನ್ನೆಲೆ ತಪಾಸಣೆ ಮಾಡಿಸಿ ಅಂತ ಸೂಚನೆ ಕೊಟ್ಟದ್ದು. ಒಳ್ಳೆಯದೇ. ಆದರೆ ಕ್ಯಾಮೆರಾ ಹೇಳುವುದು ಆಗಿಹೋದದ್ದನ್ನು. ಅದೂ ನೋಡುವವರಿದ್ದರೆ, ಪಾಸ್‌ವರ್ಡ್ ಗೊತ್ತಿದ್ದರೆ.

ಟಾಯ್ಲೆಟ್ ವಿಷಯ ಬಂತಲ್ಲ, ನಾನು ಓದಿದ್ದು ಮಾಗಡಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ. ಟಾಯ್ಲೆಟ್ಟೇ ಇರಲಿಲ್ಲ ಅನ್ನಿ, ಹಿಂದಿನ ಹೊಲ. ನಮ್ಮ ಮೇಷ್ಟ್ರು ಬಾಗಿಲ ಪಕ್ಕ ಮೊಳೆಗೆ ಒಂದು ಮರದ ತುಂಡು ನೇತುಹಾಕಿದ್ದರು. ಹೊರಗೆ ಹೋಗುವವನು ಅದನ್ನು ತೆಗೆದುಕೊಂಡು ಹೋಗಬೇಕು, ಬಂದು ಮತ್ತೆ ತಗುಲಿಸಬೇಕು. ಮೊಳೆ ಖಾಲಿ ಇದ್ದರೆ ಒಬ್ಬ ಹುಡುಗ ಹೊರಗಿದ್ದಾನೆ ಅಂತ ಲೆಕ್ಕ. ಪಾಠ ಮಾಡುತ್ತಲೇ ಆ ಕಡೆ ಒಂದು ಕಣ್ಣು. ನನ್ನ ಮೊಮ್ಮಗಳ ಶಾಲೆಯಲ್ಲಿ ಗೋಡೆ ಮೇಲೆ ಟಿವಿ ಇದೆ, ಮೊಳೆ ಇಲ್ಲ. ಒಂದನೇ ಕ್ಲಾಸಿನ ಮಗು ಟಾಯ್ಲೆಟ್‌ಗೆ ಹೋಗಿ ಬಾಗಿಲ ಚಿಲಕ ತೆಗೆಯಲಾಗದೆ ಊಟದ ಬೆಲ್ ಹೊಡೆಯುವವರೆಗೆ ಒಳಗೇ ಅಳುತ್ತಾ ಕೂತದ್ದನ್ನು ಪಕ್ಕದ ಮನೆಯವರೇ ನನಗೆ ಹೇಳಿದ್ದು. ಅದು ಬೇರೆ ಶಾಲೆ.

ಇನ್ನು ದೊಡ್ಡ ಅಪಾಯದ ಮಾತು. ಮಗುವಿಗೆ ಶಾಲೆಯಲ್ಲೋ ವ್ಯಾನಿನಲ್ಲೋ ಯಾರಾದರೂ ಕೆಟ್ಟದ್ದು ಮಾಡಿದರೆ ಅದನ್ನು ಪೊಲೀಸರಿಗೆ ತಿಳಿಸುವುದು ಶಾಲೆಯವರ ಇಷ್ಟಕ್ಕೆ ಬಿಟ್ಟದ್ದಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಒಂದು ಅಪರಾಧ. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. "ಶಾಲೆ ಮರ್ಯಾದೆ", "ಮಗು ಭವಿಷ್ಯ", "ನಾವೇ ವಿಚಾರಣೆ ಮಾಡ್ತೀವಿ" ಅಂತ ಯಾರಾದರೂ ಶುರು ಮಾಡಿದರೆ ಈ ಮಾತು ನೆನಪಿಡಿ. ಮಕ್ಕಳ ಸಹಾಯವಾಣಿ 1098, ದುಡ್ಡು ಬೀಳುವುದಿಲ್ಲ, ಮಗುವೇ ಮಾಡಬಹುದು. ಹೊಡೆಯುವುದೂ ಅಷ್ಟೇ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. "ನಾಲ್ಕು ಬಿಡಿ ಮೇಷ್ಟ್ರೆ, ಬುದ್ಧಿ ಬರಲಿ" ಅನ್ನುವ ಪೋಷಕರು ನಮ್ಮಲ್ಲಿ ಇನ್ನೂ ಇದ್ದಾರೆ. ನಾನೂ ಒಂದು ಕಾಲಕ್ಕೆ ನನ್ನ ಮಗಳ ಮೇಷ್ಟ್ರಿಗೆ ಹಾಗೇ ಹೇಳಿದ್ದೆ. ಹೊಡೆಸಿಕೊಂಡ ಮಗು ಆಮೇಲೆ ಏನನ್ನೂ ಹೇಳುವುದಿಲ್ಲ ಅಂತ ತಿಳಿದದ್ದು ತುಂಬಾ ತಡವಾಗಿ.

ಹೇಳುವುದಿಲ್ಲ ಅಂದೆನಲ್ಲ, ಅದಕ್ಕೊಂದು ಚಿಕ್ಕ ಉದಾಹರಣೆ. ನಮ್ಮ ಮೊಮ್ಮಗಳಿಗೆ ಹೋದ ವರ್ಷ ಶಾಲೆಯ ಕಾಂಪೌಂಡಿನಲ್ಲೇ ಒಂದು ನಾಯಿಮರಿ ಪರಚಿತ್ತು. ಬೈಯುತ್ತಾರೆ ಅಂತ ಎರಡು ದಿನ ಕಾಲುಚೀಲ ಎಳೆದುಕೊಂಡು ಮುಚ್ಚಿಟ್ಟಿದ್ದಳು, ಸ್ನಾನ ಮಾಡಿಸುವಾಗ ಅವಳಜ್ಜಿ ಕಣ್ಣಿಗೆ ಬಿತ್ತು. ರೇಬಿಸ್ ವಿಷಯದಲ್ಲಿ ಎರಡು ದಿನ ಅಂದರೆ ಆಟವಲ್ಲ. ನಾಯಿ ಕಚ್ಚಲಿ, ಪರಚಲಿ, ತಕ್ಷಣ ಸೋಪು ಹಾಕಿ ನಲ್ಲಿ ನೀರಿನ ಕೆಳಗೆ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾರದಪುಡಿ ಏನೂ ಹಚ್ಚಬಾರದು. ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಬೇಕು. ಇದನ್ನು ಶಾಲೆಯ ನಲ್ಲಿ ಹತ್ತಿರ ಒಂದು ಬೋರ್ಡ್ ಬರೆಸಿ ಹಾಕಿದರೆ ಎಷ್ಟು ಖರ್ಚಾದೀತು? 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿ ತೆಗೆಯಬೇಕು, ಬೇಲಿ ಹಾಕಬೇಕು ಅಂತ ಹೇಳಿತು. ಮೊಮ್ಮಗಳಿಗೆ ಆ ಸುದ್ದಿ ನಾನು ಹೇಳಿಲ್ಲ. ಅವಳು ಹೆಸರಿಟ್ಟ ನಾಯಿಗಳೆಲ್ಲ ಆ ರಸ್ತೆಯಲ್ಲೇ ಇವೆ.

ಈಗ ವ್ಯಾನು, ಆಟೋ. ಶಾಲಾ ಬಸ್ಸಿಗೆ ನಿಯಮ ಇಲ್ಲದೆ ಇಲ್ಲ. 1997ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹಳದಿ ಬಣ್ಣ ಇರಬೇಕು, ಮೇಲೆ ಶಾಲೆಯ ಹೆಸರು ಫೋನ್ ನಂಬರು ಇರಬೇಕು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರು, ಕಿಟಕಿಗೆ ಅಡ್ಡ ಕಂಬಿ, ಡ್ರೈವರ್ ಬಿಟ್ಟು ಇನ್ನೊಬ್ಬ ಅಟೆಂಡರ್. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಕಂಡಕ್ಟರ್ ಇಲ್ಲದೆ ಬಸ್ಸು ಹೊರಡಬಾರದು ಅಂತ ಅರ್ಥ. ದೊಡ್ಡ ಶಾಲೆಗಳ ಬಸ್ಸಿನಲ್ಲಿ ಇದೆಲ್ಲ ಕಾಣುತ್ತದೆ. ಆದರೆ ನಮ್ಮಂಥ ಏರಿಯಾಗಳಲ್ಲಿ ಮಕ್ಕಳು ಹೋಗುವುದು ಖಾಸಗಿ ವ್ಯಾನು, ಆಟೋಗಳಲ್ಲಿ. ಮೂವರು ಕೂರಬೇಕಾದ ಆಟೋದಲ್ಲಿ ಎಂಟು ಮಕ್ಕಳು, ಡ್ರೈವರ್ ಅಕ್ಕಪಕ್ಕ ಇಬ್ಬರು, ಹೊರಗೆ ನೇತಾಡುವ ಬ್ಯಾಗುಗಳು. ಶಾಲೆಯವರನ್ನು ಕೇಳಿದರೆ "ಅದು ನಿಮ್ಮ ಮತ್ತು ಡ್ರೈವರ್ ನಡುವಿನ ವ್ಯವಹಾರ" ಅನ್ನುತ್ತಾರೆ. ಡ್ರೈವರನ್ನು ಕೇಳಿದರೆ "ಮೂರೇ ಮಕ್ಕಳಾದ್ರೆ ತಿಂಗ್ಳಿಗೆ ನಾಲ್ಕು ಸಾವಿರ ಕೊಡಿ ಸಾರ್, ನಾನು ಮೂರೇ ಕೂರಿಸ್ಕೊಂಡು ಹೋಗ್ತೀನಿ" ಅನ್ನುತ್ತಾನೆ. ಕೊಡುತ್ತೇವಾ? ಕೊಡಲ್ಲ. ನನಗೆ ಡ್ರೈವರುಗಳ ಮೇಲೆ ಸಿಟ್ಟು ಬರುವುದಿಲ್ಲ, ಅದಕ್ಕೆ ಹಳೇ ಸಂಬಂಧವೂ ಕಾರಣ ಇರಬಹುದು. ನನ್ನ ಮೊಮ್ಮಗಳನ್ನು ತಂದುಕೊಟ್ಟ ಆ ಪುಣ್ಯಾತ್ಮನ ವ್ಯಾನಿನಲ್ಲೂ ನಿಯಮಕ್ಕಿಂತ ಜಾಸ್ತಿ ಮಕ್ಕಳಿದ್ದರು.

ಅಪ್ಪ ಅಮ್ಮಂದಿರೇನು ಸಾಚಾ ಅಲ್ಲ. ಬೆಳಿಗ್ಗೆ ಎಂಟೂವರೆಗೆ ಯಾವುದೇ ಶಾಲೆ ಗೇಟಿನ ಮುಂದೆ ಹೋಗಿ ನಿಂತು ನೋಡಿ. ಪ್ರತಿಯೊಬ್ಬರಿಗೂ ಅವರ ಕಾರು ಗೇಟಿಗೇ ಮುತ್ತಿಕ್ಕಬೇಕು. ಡಬಲ್ ಪಾರ್ಕಿಂಗು, ಹಾರನ್ನು, ರಿವರ್ಸು. ರಿವರ್ಸ್ ತೆಗೆಯುವ ಕಾರಿನ ಹಿಂದೆ ಮೂರಡಿ ಎತ್ತರದ ಮಗು ನಿಂತರೆ ಡ್ರೈವರಿಗೆ ಕಾಣುತ್ತದಾ? ಸ್ಕೂಟರಿನಲ್ಲಿ ಮುಂದೆ ಒಬ್ಬ, ಹಿಂದೆ ಇಬ್ಬರು, ಅಪ್ಪನ ತಲೆಗೆ ಮಾತ್ರ ಹೆಲ್ಮೆಟ್. ಅದೂ ಪೊಲೀಸಿನವರಿಗೋಸ್ಕರ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ ಅಂತ ಎಷ್ಟು ಜನಕ್ಕೆ ಗೊತ್ತು? ಅದಕ್ಕಿಂತ ಚಿಕ್ಕವರಿಗೆ, ಅಂದರೆ 9 ತಿಂಗಳಿಂದ 4 ವರ್ಷದವರಿಗೆ, 2023ರ ಫೆಬ್ರುವರಿಯಿಂದ ಹೆಲ್ಮೆಟ್ ಜೊತೆ ಸೇಫ್ಟಿ ಬೆಲ್ಟ್ ಕೂಡ ಕಡ್ಡಾಯ, ಗಾಡಿ 40 ಕಿಲೋಮೀಟರ್ ದಾಟಬಾರದು. ನಾನು ಒಂದಿಬ್ಬರಿಗೆ ಹೇಳಿ ನೋಡಿದೆ. "ಇಲ್ಲೇ ಅಂಕಲ್, ಎರಡು ರಸ್ತೆ ಆಚೆ" ಅಂದರು. ಎರಡು ರಸ್ತೆ ಆಚೆ ಅಂದರೆ ಟಾರು ಮೆತ್ತಗಿರುತ್ತದಾ?

ಕಟ್ಟಡದ ವಿಷಯ ನೆನೆದರೆ ನನಗೆ ಜಾಸ್ತಿ ಹೆದರಿಕೆ. ಬೆಂಗಳೂರಿನ ಎಷ್ಟೋ ಪುಟ್ಟ ಶಾಲೆಗಳು 30×40 ಸೈಟಿನಲ್ಲಿ ಕಟ್ಟಿದ ಮನೆಗಳೇ. ಕೆಳಗೆ ನರ್ಸರಿ, ಮೇಲೆ ಪ್ರೈಮರಿ, ಒಂದೇ ಮೆಟ್ಟಿಲು, ಅದೂ ಎರಡು ಮಕ್ಕಳು ಪಕ್ಕಪಕ್ಕ ಇಳಿದರೆ ಮೂರನೆಯದಕ್ಕೆ ಜಾಗವಿಲ್ಲ. ಕಿಟಕಿಗೆಲ್ಲ ಗ್ರಿಲ್. ಮೆಟ್ಟಿಲ ಕೆಳಗೆ ಕೊಲ್ಯಾಪ್ಸಿಬಲ್ ಗೇಟು, ಕಳ್ಳರ ಭಯಕ್ಕೆ, ಮಕ್ಕಳು ಓಡಿಹೋಗಬಾರದು ಅಂತ ಅದಕ್ಕೆ ಹಗಲೂ ಬೀಗ. ಬೀಗದ ಕೈ ಆಯಾ ಹತ್ತಿರ. ಆಯಾ ಊಟಕ್ಕೆ ಹೋಗಿರುತ್ತಾರೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಆ ಮಕ್ಕಳ ಕಾರಣದಿಂದ ನಡೆದ ಕೇಸಿನಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ತೀರ್ಪು ಕೊಟ್ಟಿತು. ಶಾಲೆಯಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು, ಸಿಬ್ಬಂದಿಗೆ ಅದನ್ನು ಬಳಸಲು ಬರಬೇಕು ಅಂತ. ಈಗ ಗರಿ ಚಾವಣಿ ನಮ್ಮಲ್ಲಿಲ್ಲ, ಬೀಗ ಇದೆ. ಸಿಲಿಂಡರೂ ಇದೆ, ಗೋಡೆಗೆ ಚೆನ್ನಾಗಿ ತಗುಲಿಸಿದ್ದಾರೆ. ನಾನು ಹತ್ತಿರ ಹೋಗಿ ನೋಡಿದೆ, ಬಸ್ಸಿನಲ್ಲೂ ಒಂದು ಇರುತ್ತಿತ್ತಲ್ಲ, ಅಭ್ಯಾಸ. ಅದರ ಮೀಟರಿನ ಮುಳ್ಳು ಹಸಿರು ಭಾಗದಲ್ಲಿ ಇರಬೇಕು. ಇದು ಕೆಂಪಿನಲ್ಲಿ ಮಲಗಿತ್ತು. ಪಿನ್ ಎಳೆಯುವುದು ಹೇಗೆ ಅಂತ ಯಾವ ಟೀಚರಿಗೂ ಗೊತ್ತಿರಲಿಲ್ಲ, ಕೇಳಿದ್ದಕ್ಕೆ ನಕ್ಕರು.

ಅದೇ ಜುಲೈ 16, 2013ರಲ್ಲಿ, ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆಗೆ ಹೊಲದ ಕೀಟನಾಶಕ ಸೇರಿತ್ತು. ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರೊಬ್ಬರು ರುಚಿ ನೋಡಬೇಕು ಅಂತ ಬಿಸಿಯೂಟದ ನಿಯಮದಲ್ಲೇ ಇದೆ. ನಮ್ಮ ರಾಜ್ಯದಲ್ಲೇ 2023ರ ನವೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಶಾಲೆಯಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು ತೀರಿಕೊಂಡಳು. ನಮ್ಮವಳ ವಯಸ್ಸೇ. ಸಾಂಬಾರಿನ ಪಾತ್ರೆ ಎಲ್ಲಿ ಇಡಬೇಕು, ಸಾಲು ಎಲ್ಲಿ ನಿಲ್ಲಬೇಕು, ನಡುವೆ ಯಾರು ನಿಲ್ಲಬೇಕು, ಇಷ್ಟೇ ಅಲ್ವಾ? ಇದಕ್ಕೆ ಯಾವ ಯಂತ್ರ ಬೇಕು?

ಒಂದು ಡಿಸೆಂಬರ್ ಬೆಳಿಗ್ಗೆ ಇದೆಲ್ಲ ಒಟ್ಟಿಗೇ ಕಣ್ಣಿಗೆ ಬಂತು. 2023ರ ಡಿಸೆಂಬರ್ 1, ಶುಕ್ರವಾರ. ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆ ಅಂತ ಇಮೇಲ್. ಟಿವಿಯಲ್ಲಿ ಬಂದಿದ್ದೇ ತಡ, ಊರೇ ಶಾಲೆಗಳ ಕಡೆ ಓಡಿತು. ಹುಸಿ ಅಂತ ಆಮೇಲೆ ಗೊತ್ತಾಯಿತು. ನಮ್ಮ ಬೀದಿಯ ಒಬ್ಬ ಹುಡುಗ ಆಗ ಓದುತ್ತಿದ್ದ ಶಾಲೆಗೆ ಇಮೇಲ್ ಬಂದಿರಲಿಲ್ಲ, ಆದರೂ ಅವರೂ ಮಕ್ಕಳನ್ನು ಕಳಿಸಿಬಿಟ್ಟರು. ಹೇಗೆ ಕಳಿಸಿದರು ಅನ್ನುತ್ತೀರಿ? ಗೇಟು ತೆಗೆದರು, ಬಂದವರು ಬಂದವರ ಕೈಗೆ ಮಕ್ಕಳನ್ನು ಕೊಟ್ಟರು. ಆ ಹುಡುಗನನ್ನು ಎದುರುಮನೆಯ ಹೆಂಗಸು ಒಳ್ಳೆ ಮನಸ್ಸಿನಿಂದ ತನ್ನ ಮಗನ ಜೊತೆ ಕರೆದುಕೊಂಡು ಬಂದರು. ಇವನ ಅಮ್ಮ ಅಲ್ಲಿ ಗೇಟಿನ ಹತ್ತಿರ ಎದೆ ಬಡಿದುಕೊಳ್ಳುತ್ತಿದ್ದಳು. ನಿಜವಾಗಿ ಏನಾದರೂ ಆಗಿದ್ದರೆ ಯಾವ ಮಗು ಒಳಗಿದೆ, ಯಾವ ಮಗು ಹೊರಗಿದೆ ಅಂತ ಪೊಲೀಸರಿಗೆ ಹೇಳಲು ಆ ಶಾಲೆಯಲ್ಲಿ ಒಬ್ಬರಿಗೂ ಆಗುತ್ತಿರಲಿಲ್ಲ. ಅಣಕು ಕವಾಯತು ಮಾಡಿಸುತ್ತಾರೆ, ಬೆಲ್ ಹೊಡೆಯುತ್ತಾರೆ, ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತಾ ಇಳಿಯುತ್ತವೆ, ಫೋಟೊ ತೆಗೆಯುತ್ತಾರೆ. ಕೆಳಗೆ ಇಳಿದ ಮೇಲೆ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ ಎಣಿಸಿದ್ದನ್ನು ನಾನಂತೂ ನೋಡಿಲ್ಲ. ಇಳಿಸುವುದು ಅರ್ಧ ಕೆಲಸ, ಎಣಿಸುವುದು ಇನ್ನರ್ಧ.

ಟೀಚರುಗಳನ್ನು ಬೈಯಲು ಇದನ್ನೆಲ್ಲ ಬರೆಯುತ್ತಿಲ್ಲ. ಸರ್ಕಾರಿ ಶಾಲೆ ಮೇಷ್ಟ್ರಿಗೆ ಪಾಠದ ಜೊತೆ ಗಣತಿ, ಚುನಾವಣೆ, ಹಾಲು, ಮೊಟ್ಟೆ ಲೆಕ್ಕ. ಮೊಟ್ಟೆ ಎಣಿಸಿ ಬರೆಯದಿದ್ದರೆ ನೋಟಿಸ್ ಬರುತ್ತದೆ, ಆದ್ದರಿಂದ ಅದು ಸರಿಯಾಗಿರುತ್ತದೆ. ಪುಟ್ಟ ಖಾಸಗಿ ಶಾಲೆಯ ಟೀಚರಿಗೆ ಕೈಗೆ ಬರುವ ಸಂಬಳ ನಮ್ಮ ಕಾಲದ ಕಂಡಕ್ಟರಿಗಿಂತ ಕಡಿಮೆ. ಮೂರೂವರೆಗೆ ಹೊರಟರೆ ಮಾತ್ರ ಅವರಿಗೆ ತಮ್ಮ ಮಗುವಿನ ಶಾಲೆಗೆ ನಾಲ್ಕಕ್ಕೆ ತಲುಪಲು ಆಗುತ್ತದೆ, ಇದು ಆಮೇಲೆ ಆ ಕ್ಲಾಸ್ ಟೀಚರೇ ನನ್ನ ಹತ್ತಿರ ಅತ್ತುಕೊಂಡು ಹೇಳಿದ ಮಾತು. ಅದಕ್ಕೇ ಕೊನೆಯ ಮಗು ಹೋಗುವವರೆಗೆ ನಿಲ್ಲುವ ಕೆಲಸ ಸರದಿ ಮೇಲೆ ಒಬ್ಬರದ್ದು ಅಂತ ಬರೆದಿಡಬೇಕು. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ. ಅವತ್ತು ನಿಲ್ಲುವವರಿಗೆ ಬೆಳಿಗ್ಗೆ ಒಂದು ಪೀರಿಯಡ್ ಬಿಡುವು ಕೊಡಿ, ಅಷ್ಟೇ.

ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ಹೆಚ್ಚಿನವರು ಪೋಷಕರೇ. ಶಿಕ್ಷಣ ಹಕ್ಕು ಕಾಯ್ದೆ ನಾಲ್ಕರಲ್ಲಿ ಮೂರು ಪಾಲು ಅವರೇ ಇರಬೇಕು ಅನ್ನುತ್ತದೆ. ಅಲ್ಲಿ ಬಣ್ಣ ಹೊಡೆಸುವ ಕಾಂಟ್ರಾಕ್ಟ್ ಬಿಟ್ಟು ಇದನ್ನೂ ಒಂದು ದಿನ ಮಾತಾಡಬಹುದು. ಖಾಸಗಿ ಶಾಲೆಯಲ್ಲಿ ಪೋಷಕರ ಸಭೆ ಅಂದರೆ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಬರುವುದು. ಆ ಗುರುವಾರ ಆದ ಮೇಲಿನ ಸಭೆಯಲ್ಲಿ ನಾನು ಎದ್ದು ನಿಂತು ಕೇಳಿದೆ. ಬೇಗ ಬಿಡುವುದಿದ್ದರೆ ಅರ್ಧ ಗಂಟೆ ಮುಂಚೆ ಸಂದೇಶ ಕಳಿಸಿ. ಐಡಿ ಕಾರ್ಡಿನ ಹಿಂದೆ ಮನೆಯವರ ಎರಡು ಮೊಬೈಲ್ ನಂಬರ್ ಬರೆಸಿ. ಪ್ರತಿ ವ್ಯಾನಿಗೂ ಮಕ್ಕಳ ಹೆಸರಿನ ಚೀಟಿ ಇರಲಿ, ಡ್ರೈವರ್ ಬದಲಾದರೆ ಗೇಟಿನಲ್ಲಿ ಹೇಳಬೇಕು. ಮಗುವನ್ನು ಯಾರ ಕೈಗೆ ಕೊಟ್ಟಿರಿ ಅಂತ ಗೇಟಿನಲ್ಲಿ ಒಂದು ಪುಸ್ತಕದಲ್ಲಿ ಗುರುತು ಹಾಕಿ. ಹಿಂದೆ ಕೂತಿದ್ದ ಯಾರೋ "ತಾತ ವೇಬಿಲ್ ಬರೆಸ್ತಾರೆ" ಅಂದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಡ್ ಮೇಡಂ "ಒಳ್ಳೆ ಸಲಹೆ ಸಾರ್, ನೋಡೋಣ" ಅಂದರು. ನೋಡೋಣ ಅಂದರೆ ಏನು ಅಂತ ಡಿಪೋದಲ್ಲಿ 31 ವರ್ಷ ಕೆಲಸ ಮಾಡಿದವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊಮ್ಮಗಳಿಗೆ ನನ್ನ ಫೋನ್ ನಂಬರು ಕಲಿಸಿದ್ದೇನೆ. ಹತ್ತೂ ಅಂಕಿ, ಮಗ್ಗಿ ಥರ ರಾಗವಾಗಿ ಹೇಳುತ್ತಾಳೆ. ಮನೆ ವಿಳಾಸವೂ ಬರುತ್ತದೆ. ಆದರೆ ಏಳು ವರ್ಷದ ಮಗು ತಾನೇ ತನ್ನನ್ನು ಹುಡುಕಿಕೊಡಬೇಕು ಅನ್ನುವುದು ಯಾವ ನ್ಯಾಯ?

ಕೊನೆಗೆ ಕಳೆದ ಸೋಮವಾರ ನಾನೇ ಗಾಂಧಿ ಬಜಾರಿಗೆ ಹೋಗಿ ಇನ್ನೂರು ಪೇಜಿನ ಲಾಂಗ್ ನೋಟ್‌ಬುಕ್ ತಂದೆ. ಸ್ಕೇಲು ಇಟ್ಟು ಗೆರೆ ಎಳೆದೆ. ದಿನಾಂಕ, ಕ್ಲಾಸು, ಬಂದ ಮಕ್ಕಳು, ವ್ಯಾನಿನಲ್ಲಿ ಹೋದವರು, ಮನೆಯವರ ಜೊತೆ ಹೋದವರು, ಉಳಿದವರು, ಸಹಿ. ಮೇಡಂ ಬೇಡ ಅನ್ನಲಿಲ್ಲ. ವಾಚ್‌ಮನ್‌ಗೆ ಕೂರಿಸಿಕೊಂಡು ಹೇಳಿಕೊಟ್ಟೆ, ಒಂದು ಪೆನ್ನನ್ನು ದಾರ ಕಟ್ಟಿ ಪುಸ್ತಕಕ್ಕೇ ನೇತುಹಾಕಿದೆ. ಮಂಗಳವಾರ ಬರೆದಿದ್ದಾನೆ. ಬುಧವಾರ ಬರೆದಿದ್ದಾನೆ, ಒಂದು ಕಡೆ ಕೂಡಿದ್ದು ತಪ್ಪಾಗಿತ್ತು, ತಿದ್ದಿಸಿದೆ. ಗುರುವಾರ "ಉಳಿದವರು" ಅನ್ನುವ ಕಡೆ 1 ಅಂತ ಬರೆದು, ಆ ಮಗುವಿನ ಚಿಕ್ಕಪ್ಪ ಬಂದ ಮೇಲೆ ಹೊಡೆದುಹಾಕಿ ಸಹಿ ತೆಗೆದುಕೊಂಡಿದ್ದ. ನೋಡಿ ಎಷ್ಟು ಸಂತೋಷ ಆಯಿತು ಅಂದರೆ ಅವನಿಗೆ ಟೀ ಕುಡಿಸಿದೆ. ಶುಕ್ರವಾರದ ಸಾಲು ಖಾಲಿ. ಪೆನ್ನನ್ನು ಯಾರೋ ದಾರ ಕತ್ತರಿಸಿ ತೆಗೆದುಕೊಂಡು ಹೋಗಿದ್ದಾರಂತೆ.

ನಾಳೆ ಇನ್ನೊಂದು ಪೆನ್ನು ತೆಗೆದುಕೊಂಡು ಹೋಗುತ್ತೇನೆ.

ಇತಿ,
ಒಬ್ಬ ನಿವೃತ್ತ ಕಂಡಕ್ಟರ್
ಶ್ರೀನಗರ, ಬೆಂಗಳೂರು